ನಿವೃತ್ತಿಯ ನಂತರದ ಸತ್ಯ

ಆತ್ಮಕಥೆಯೊಂದನ್ನು ಕೈಗೆತ್ತಿಕೊಂಡಾಗ ಬರೆದವರು ಏನು ಹೇಳಿದ್ದಾರೆ ಎಂದು ನೋಡುವುದು ನಮ್ಮೆಲ್ಲರ ರೂಢಿ. ಯಾವಾಗ ಹೇಳಿದರು ಎಂದು ಕೇಳುವವರು ಕಡಿಮೆ. ಆದರೆ ಕೆಲವು ಪುಸ್ತಕಗಳಲ್ಲಿ ಒಳಗಿನ ಮಾತಿಗಿಂತ ಇಸವಿಗಳೇ ಹೆಚ್ಚು ಮಾತಾಡುತ್ತವೆ. ಅಮೆರಿಕದ ವೃತ್ತಿಪರ ಆಟಗಾರರು ತಾವು ಸಲಿಂಗಪ್ರೇಮಿಗಳೆಂದು ಬಹಿರಂಗಪಡಿಸಿ ಬರೆದ ಆತ್ಮಕಥೆಗಳು ಅಂಥವು. ಡೇವಿಡ್ ಕೊಪೇ ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ 1964ರಿಂದ 1972ರವರೆಗೆ ಆಡಿದರು. ಸತ್ಯ ಹೇಳಿದ್ದು 1975ರಲ್ಲಿ, ಪುಸ್ತಕ ಬಂದದ್ದು 1977ರಲ್ಲಿ. ಬೇಸ್‌ಬಾಲ್ ಆಟಗಾರ ಗ್ಲೆನ್ ಬರ್ಕ್ ಪ್ರಮುಖ ಲೀಗ್‌ನಲ್ಲಿ ಕೊನೆಯ ಬಾರಿ ಆಡಿದ್ದು 1979ರಲ್ಲಿ. ಪತ್ರಿಕೆಯೊಂದರ ಮುಂದೆ ಬಾಯಿಬಿಟ್ಟದ್ದು 1982ರಲ್ಲಿ, ಪುಸ್ತಕ 1995ರಲ್ಲಿ. ಬ್ಯಾಸ್ಕೆಟ್‌ಬಾಲ್ ಆಟಗಾರ ಜಾನ್ ಅಮೇಚಿ ಎನ್‌ಬಿಎ ಲೀಗ್‌ನಲ್ಲಿ 2003ರ ನಂತರ ಆಡಲಿಲ್ಲ. ಅವರ ಪುಸ್ತಕ ‘ಮ್ಯಾನ್ ಇನ್ ದ ಮಿಡಲ್’ ಬಂದದ್ದು 2007ರ ಫೆಬ್ರವರಿಯಲ್ಲಿ.

ಮೂವರ ಆಟ ಬೇರೆ, ಕಾಲ ಬೇರೆ, ಸ್ವಭಾವ ಬೇರೆ. ಆದರೂ ಒಂದು ವಿಷಯದಲ್ಲಿ ಮೂವರೂ ಒಂದೇ ದಾರಿ ಹಿಡಿದಿದ್ದಾರೆ. ಕೊನೆಯ ಸಂಬಳ ಕೈಗೆ ಬಂದ ಮೇಲಷ್ಟೇ ಅವರ ಬಾಯಿ ತೆರೆದಿದೆ. ಪತ್ರಿಕೆಗಳು ಈ ಪುಸ್ತಕಗಳನ್ನು ಸ್ವಾಗತಿಸುವಾಗ ‘ಧೈರ್ಯ’ ಎಂಬ ಪದವನ್ನು ಧಾರಾಳವಾಗಿ ಬಳಸಿದವು. ಧೈರ್ಯ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇವುಗಳನ್ನು ಧೈರ್ಯದ ಕಥೆಗಳೆಂದು ಓದಿ ಮುಗಿಸಿದರೆ, ಅವು ನಿಜವಾಗಿ ಯಾವುದರ ದಾಖಲೆಯೋ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇವು ಮೂಲತಃ ಉದ್ಯೋಗದ ಪುಸ್ತಕಗಳು. ಒಬ್ಬ ಮನುಷ್ಯ ತಾನು ಯಾರೆಂದು ಹೇಳಿಕೊಂಡರೆ ನಾಳೆಯ ಅನ್ನಕ್ಕೆ ಕಲ್ಲು ಬೀಳುತ್ತದೆಯೇ ಎಂಬುದು ಇವುಗಳ ಒಳಗಿನ ಪ್ರಶ್ನೆ.

ಮುಂದೆ ಹೋಗುವ ಮೊದಲು ಪದಗಳ ಬಗ್ಗೆ ಒಂದು ಮಾತು. ಕನ್ನಡ ಪತ್ರಿಕೆಗಳು ವರ್ಷಗಳಿಂದ ಬಳಸುತ್ತಾ ಬಂದ ಪದ ‘ಸಲಿಂಗಕಾಮಿ’. ಆ ಪದ ಮನುಷ್ಯನ ಇಡೀ ಬದುಕನ್ನು ಕಾಮವೊಂದಕ್ಕೆ ಇಳಿಸಿಬಿಡುತ್ತದೆ. ಅದೇ ಹೊತ್ತಿಗೆ ನಮ್ಮ ಚಳವಳಿಗಳ ಭಾಷೆಯಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಇನ್ನೊಂದು ಪದವೂ ಬೆಳೆದು ಬಂತು. ಅಲ್ಪಸಂಖ್ಯಾತ ಎಂಬ ಪದದ ಭಾರ ಏನೆಂದು ಈ ಪುಟಗಳ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಓದುಗರಲ್ಲಿ ಅನೇಕರು ಧಾರ್ಮಿಕ ಕಾರಣದಿಂದ ಈ ಬದುಕನ್ನು ಒಪ್ಪುವುದಿಲ್ಲ ಎಂಬುದೂ ನಮಗೆ ಗೊತ್ತು. ಅವರ ನಂಬಿಕೆಯನ್ನು ಬದಲಿಸಲು ಈ ಬರಹ ಹೊರಟಿಲ್ಲ. ನಾವು ಕೇಳುತ್ತಿರುವ ಪ್ರಶ್ನೆ ಚಿಕ್ಕದು: ಒಪ್ಪದಿರುವುದಕ್ಕೂ ಕೆಲಸ ಕಿತ್ತುಕೊಳ್ಳುವುದಕ್ಕೂ ಸಂಬಂಧ ಏನು?

ಕೊಪೇ ಅವರ ಪುಸ್ತಕ ಈ ಪ್ರಶ್ನೆಯನ್ನು ಮೊದಲು ಮುಂದಿಟ್ಟಿತು. ಒಂಬತ್ತು ವರ್ಷಗಳಲ್ಲಿ ಐದು ತಂಡಗಳಿಗೆ ಆಡಿದ ಮನುಷ್ಯ ಅವರು. ಪುಸ್ತಕ ಚೆನ್ನಾಗಿ ಮಾರಾಟವಾಯಿತು, ದೇಶವೆಲ್ಲ ಅವರ ಹೆಸರು ಕೇಳಿತು. ಆದರೆ ಕಲಿತ ವಿದ್ಯೆಯನ್ನು ಬಳಸಿ ತರಬೇತುದಾರನಾಗಬೇಕೆಂದರೆ ಯಾವ ಬಾಗಿಲೂ ತೆರೆಯಲಿಲ್ಲ. ಕೊನೆಗೆ ನೆಲಹಾಸು ಮಾರುವ ಚಿಕ್ಕಪ್ಪನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಪುಸ್ತಕಕ್ಕೆ ಓದುಗರಿದ್ದರು, ಪುಸ್ತಕ ಬರೆದವನಿಗೆ ಕೆಲಸ ಕೊಡುವವರಿರಲಿಲ್ಲ. ಇವೆರಡರ ನಡುವಿನ ಅಂತರದಲ್ಲಿಯೇ ಆ ಕಾಲದ ಸಮಾಜದ ನಿಜಬಣ್ಣ ಇದೆ. ಇನ್ನೊಬ್ಬರ ಸಂಕಟವನ್ನು ಓದಿ ಮರುಗುವುದು ಸುಲಭ. ಅದೇ ಮನುಷ್ಯ ಅರ್ಜಿ ಹಿಡಿದು ಎದುರಿಗೆ ನಿಂತಾಗ ಏನು ಮಾಡುತ್ತೇವೆ ಎಂಬುದು ಬೇರೆ.

ಗ್ಲೆನ್ ಬರ್ಕ್ ಅವರದು ಇನ್ನೂ ನೋವಿನ ಕಥೆ. ಓಕ್‌ಲ್ಯಾಂಡ್‌ನ ಈ ಕಪ್ಪು ಯುವಕ 1976ರಲ್ಲಿ ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡ ಸೇರಿದರು. 1977ರ ಅಕ್ಟೋಬರ್ 2ರಂದು ಸಹ ಆಟಗಾರ ಡಸ್ಟಿ ಬೇಕರ್ ಆ ಋತುವಿನ ಮೂವತ್ತನೆಯ ಹೋಮ್‌ರನ್ ಹೊಡೆದು ಬಂದಾಗ ಬರ್ಕ್ ಕೈಯನ್ನು ಮೇಲೆತ್ತಿ ನಿಂತರು, ಬೇಕರ್ ಆ ಅಂಗೈಗೆ ತನ್ನ ಅಂಗೈ ತಟ್ಟಿದರು. ಇಂದು ನಮ್ಮೂರ ಗಲ್ಲಿ ಕ್ರಿಕೆಟ್‌ನ ಹುಡುಗರೂ ವಿಕೆಟ್ ಬಿದ್ದಾಗ ಮಾಡುವ ‘ಹೈ ಫೈವ್’ ಹುಟ್ಟಿದ್ದು ಅಲ್ಲಿಯೇ ಎಂದು ಅನೇಕರು ಹೇಳುತ್ತಾರೆ. ಬರ್ಕ್ ಸಲಿಂಗಪ್ರೇಮಿ ಎಂಬುದು ಸಹ ಆಟಗಾರರಿಗೆ ತಿಳಿದಿತ್ತು. ತಂಡದ ಆಡಳಿತಕ್ಕೂ ತಿಳಿಯಿತು. ಮದುವೆಯಾದರೆ ಮಧುಚಂದ್ರದ ಖರ್ಚು ಕೊಡುತ್ತೇವೆ ಎಂದು ಆಡಳಿತದ ಹಿರಿಯರು ಹೇಳಿದರೆಂದು ಬರ್ಕ್ ತಮ್ಮ ಆತ್ಮಕಥೆ ‘ಔಟ್ ಅಟ್ ಹೋಮ್’ನಲ್ಲಿ ನೆನೆಯುತ್ತಾರೆ. ಅವರು ಒಪ್ಪಲಿಲ್ಲ. 1978ರಲ್ಲಿ ಅವರನ್ನು ಓಕ್‌ಲ್ಯಾಂಡ್ ತಂಡಕ್ಕೆ ಕೊಟ್ಟು ಕೈತೊಳೆದುಕೊಂಡರು. ಎರಡು ವರ್ಷಗಳೊಳಗೆ ಆಟವೇ ಮುಗಿಯಿತು. ಮುಂದೆ ಅಪಘಾತದಲ್ಲಿ ಕಾಲು ಮುರಿಯಿತು, ಮಾದಕವಸ್ತು, ಜೈಲು, ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳು. 1995ರ ಮೇ 30ರಂದು, ನಲವತ್ತೆರಡನೆಯ ವಯಸ್ಸಿನಲ್ಲಿ, ಏಡ್ಸ್‌ನಿಂದ ತೀರಿಕೊಂಡರು.

ಈ ಪುಸ್ತಕದಲ್ಲಿ ಸಾಹಿತ್ಯದ ಸೊಗಸು ಹುಡುಕುವುದು ತಪ್ಪಾಗುತ್ತದೆ. ಇದು ಇನ್ನೊಬ್ಬರ ನೆರವಿನಿಂದ, ಬದುಕಿನ ಕೊನೆಯಲ್ಲಿ ಹೇಳಿ ಬರೆಸಿದ ಪುಸ್ತಕ. ಕೆಲವೆಡೆ ನೆನಪು ಚದುರಿದೆ, ಕೆಲವೆಡೆ ಕಹಿ ತುಂಬಿದೆ. ಆದರೆ ಮಧುಚಂದ್ರದ ಆ ಪ್ರಸಂಗವೊಂದು ಸಾಕು. ಮಾಲೀಕ ಸಂಬಳ ಕೊಟ್ಟು ಕೊಳ್ಳುವುದು ನೌಕರನ ದುಡಿಮೆಯನ್ನು ಮಾತ್ರವೇ, ಅಥವಾ ಅವನ ಮನೆ, ಮದುವೆ, ಒಳಗಿನ ಬದುಕನ್ನೆಲ್ಲವೇ ಎಂಬ ಪ್ರಶ್ನೆಯನ್ನು ಯಾವ ಕಾರ್ಮಿಕ ಸಿದ್ಧಾಂತದ ಪುಸ್ತಕವೂ ಇಷ್ಟು ನೇರವಾಗಿ ಎತ್ತಿದ್ದನ್ನು ನಾವು ಕಂಡಿಲ್ಲ. ಡಾಜರ್ಸ್ ತಂಡ ಬರ್ಕ್ ಅವರನ್ನು ಅಧಿಕೃತವಾಗಿ ಗೌರವಿಸಿದ್ದು 2022ರಲ್ಲಿ, ಅವರು ಸತ್ತು ಇಪ್ಪತ್ತೇಳು ವರ್ಷಗಳ ನಂತರ.

ಜಾನ್ ಅಮೇಚಿಯವರ ಪುಸ್ತಕ ಇವೆರಡಕ್ಕಿಂತ ಬರಹವಾಗಿ ಮೇಲು. ನೈಜೀರಿಯಾದ ತಂದೆ, ಇಂಗ್ಲೆಂಡಿನ ವೈದ್ಯೆ ತಾಯಿ. ಸ್ಟಾಕ್‌ಪೋರ್ಟ್‌ನಲ್ಲಿ ಬೆಳೆದ ದಪ್ಪ ಹುಡುಗ ಹದಿನೇಳನೆಯ ವಯಸ್ಸಿನಲ್ಲಿ ಮೊದಲ ಬಾರಿ ಬ್ಯಾಸ್ಕೆಟ್‌ಬಾಲ್ ಮುಟ್ಟಿ, ಎನ್‌ಬಿಎ ತಲುಪಿದ ಕಥೆಯನ್ನು ಅವರು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾ ಹೇಳುತ್ತಾರೆ. ಇಡೀ ಪುಸ್ತಕದಲ್ಲಿ ನಮ್ಮನ್ನು ತಟ್ಟಿದ್ದು ಒಂದು ಚಿಕ್ಕ ಪ್ರಸಂಗ. ಯೂಟಾ ತಂಡದಲ್ಲಿದ್ದಾಗ ರಷ್ಯಾದ ಸಹ ಆಟಗಾರ ಆಂದ್ರೆ ಕಿರಿಲೆಂಕೋ ಅವರನ್ನು ಮನೆಯ ಔತಣಕ್ಕೆ ಕರೆಯುತ್ತಾರೆ. ನಿನಗೆ ಆತ್ಮೀಯರಾದವರು ಇದ್ದರೆ ಕರೆದುಕೊಂಡು ಬಾ, ಅವರು ಯಾರಾದರೂ ನಮಗೆ ಅಡ್ಡಿಯಿಲ್ಲ ಎಂಬರ್ಥದ ಮಾತು ಆ ಕರೆಯಲ್ಲಿತ್ತು. ಓದಿ ಅಮೇಚಿ ಕಣ್ಣೀರಾಗುತ್ತಾರೆ. ಹೇಳದೆಯೇ ಅರ್ಥಮಾಡಿಕೊಂಡ ಒಬ್ಬ ಸಹೋದ್ಯೋಗಿ ಅಲ್ಲಿದ್ದ. ಆದರೂ ಅಮೇಚಿ ಬಾಯಿ ತೆರೆಯಲಿಲ್ಲ. ಏಕೆಂದರೆ ಕರಾರು ಬರೆಯುವುದು ಸಹೋದ್ಯೋಗಿಯಲ್ಲ.

ಪುಸ್ತಕ ಬಂದ ವಾರದಲ್ಲಿಯೇ ನಿವೃತ್ತ ತಾರೆ ಟಿಮ್ ಹಾರ್ಡವೇ ರೇಡಿಯೋದಲ್ಲಿ ತಾನು ಸಲಿಂಗಪ್ರೇಮಿಗಳನ್ನು ದ್ವೇಷಿಸುತ್ತೇನೆ, ಅಂಥವನು ತನ್ನ ತಂಡದಲ್ಲಿ ಇರಕೂಡದು ಎಂದರು. ಲೀಗ್ ಅವರನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. ಅಮೇಚಿ ನಾಲ್ಕು ವರ್ಷ ಏಕೆ ಕಾದರು ಎಂದು ಕೇಳಿದವರಿಗೆಲ್ಲ ಅಂದೇ ಉತ್ತರ ಸಿಕ್ಕಿತು. ಇದರ ಮುಂದಿನ ಭಾಗವನ್ನೂ ಹೇಳಬೇಕು. ಹಾರ್ಡವೇ ಕ್ಷಮೆ ಕೇಳಿದರು, ತಿಳಿದವರ ಬಳಿ ಹೋಗಿ ಕಲಿತರು, 2013ರಲ್ಲಿ ಫ್ಲಾರಿಡಾದಲ್ಲಿ ಸಲಿಂಗ ವಿವಾಹದ ಪರವಾದ ಮನವಿಗೆ ಮೊದಲ ಸಹಿ ಹಾಕಿದರು. ಮನುಷ್ಯ ಬದಲಾಗಬಲ್ಲ. ಆದರೆ ಅವನು ಬದಲಾಗುವವರೆಗೆ ಇನ್ನೊಬ್ಬನ ಸಂಬಳ ಕಾಯುತ್ತ ಕೂರಲಾಗದು.

ಈ ಹಿನ್ನೆಲೆಯಲ್ಲಿ 2013ರ ಏಪ್ರಿಲ್ 29ರಂದು ಪ್ರಕಟವಾದ ಜೇಸನ್ ಕಾಲಿನ್ಸ್ ಅವರ ಲೇಖನವನ್ನು ಓದಬೇಕು. ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ಬಂದ ಈ ಬರಹದ ಹೊಸತನ ಇರುವುದು ಅದರ ಕಾಲದಲ್ಲಿ. ಕಾಲಿನ್ಸ್ ಇನ್ನೂ ನಿವೃತ್ತರಾಗಿರಲಿಲ್ಲ. ಏಳು ಅಡಿ ಎತ್ತರದ, 34 ವರ್ಷದ, ಹನ್ನೆರಡು ಋತುಗಳನ್ನು ಆಡಿದ ಈ ಆಟಗಾರ ಮುಂದಿನ ವರ್ಷವೂ ಆಡಬಯಸಿದ್ದರು. ಆದರೆ ಇಲ್ಲಿಯೂ ಇಸವಿಯ ಜೊತೆ ತಿಂಗಳನ್ನು ನೋಡಬೇಕು. ಅವರ ಕರಾರು ಆಗಷ್ಟೇ ಮುಗಿಯುತ್ತಿತ್ತು, ಹೊಸ ಕರಾರು ಆಗಿರಲಿಲ್ಲ. ಅಂದರೆ ಅವರು ನಿಂತದ್ದು ಎರಡು ಕೆಲಸಗಳ ನಡುವಿನ ಹೊಸ್ತಿಲ ಮೇಲೆ.

ಲೇಖನ ಸರಳವಾಗಿದೆ, ಸೌಮ್ಯವಾಗಿದೆ, ಓದಿದವರಿಗೆ ಬರೆದವನು ಇಷ್ಟವಾಗುತ್ತಾನೆ. 2011ರಲ್ಲಿ ಮಾಲೀಕರು ಲೀಗ್‌ಗೆ ಬೀಗ ಹಾಕಿ ತಿಂಗಳುಗಟ್ಟಲೆ ಆಟ ನಿಂತಾಗ ತನ್ನ ದಿನಚರಿ ತಪ್ಪಿ, ತನ್ನನ್ನು ತಾನೇ ಎದುರಿಸಬೇಕಾಯಿತು ಎಂದು ಅವರು ಬರೆಯುತ್ತಾರೆ. ಕಾರ್ಖಾನೆಗೆ ಬೀಗ ಬಿದ್ದಾಗ ಕಾರ್ಮಿಕ ಮನೆಯಲ್ಲಿ ಸುಮ್ಮನೆ ಕುಳಿತು ಮೊದಲ ಬಾರಿ ಯೋಚಿಸುವಂತೆ. ಅಲ್ಲಿಯವರೆಗೆ ಅವರ ಗುಟ್ಟನ್ನು ಮುಚ್ಚಿಟ್ಟದ್ದು ದುಡಿಮೆಯೇ. ಅವರು ತೊಡುತ್ತಿದ್ದ ಅಂಗಿಯ ಸಂಖ್ಯೆ 98. ವಯೋಮಿಂಗ್‌ನಲ್ಲಿ 1998ರಲ್ಲಿ ಸಲಿಂಗಪ್ರೇಮಿ ಎಂಬ ಕಾರಣಕ್ಕೆ ಕೊಲೆಯಾದ ವಿದ್ಯಾರ್ಥಿ ಮ್ಯಾಥ್ಯೂ ಶೆಪರ್ಡ್ ನೆನಪಿಗೆ ಆ ಸಂಖ್ಯೆ. ಹೇಳಲಾಗದ್ದನ್ನು ಬೆನ್ನ ಮೇಲೆ ಹೊತ್ತು ಒಂದು ಋತುವಿಡೀ ಆಡಿದ್ದರು. ನೋಡಿದ ಸಾವಿರಾರು ಜನರಲ್ಲಿ ಯಾರಿಗೂ ಅದರ ಅರ್ಥ ತಿಳಿದಿರಲಿಲ್ಲ.

ಆದರೂ ಈ ಲೇಖನದ ಬಗ್ಗೆ ನಮಗೊಂದು ತಕರಾರಿದೆ. ತಾನು ಒರಟಾಗಿ ಆಡುವವನು, ಎದುರಾಳಿಗೆ ಮೈಯೊಡ್ಡಲು ಹಿಂಜರಿಯದವನು, ತಂಡಕ್ಕಾಗಿ ದುಡಿಯುವವನು, ಡ್ರೆಸ್ಸಿಂಗ್ ರೂಮಿನಲ್ಲಿ ಯಾರಿಗೂ ತೊಂದರೆ ಕೊಡದವನು ಎಂದು ಕಾಲಿನ್ಸ್ ಮತ್ತೆ ಮತ್ತೆ ಹೇಳುತ್ತಾರೆ. ಈ ಮಾತುಗಳನ್ನು ಯಾರಿಗೆ ಹೇಳುತ್ತಿದ್ದಾರೆ? ಸಾಮಾನ್ಯ ಓದುಗನಿಗೆ ಅಲ್ಲ. ತಂಡದ ಮಾಲೀಕನಿಗೆ. ಆತ್ಮನಿವೇದನೆಯ ಅಡಿಯಲ್ಲಿ ಒಂದು ಉದ್ಯೋಗ ಅರ್ಜಿ ಅಡಗಿದೆ. ನನ್ನಿಂದ ನಿಮಗೆ ನಷ್ಟವಿಲ್ಲ ಎಂಬ ಭರವಸೆ ಅಲ್ಲಿದೆ. ಅಲ್ಪಸಂಖ್ಯಾತರಾಗಿ ಬದುಕಿದವರಿಗೆ ಈ ಧಾಟಿ ಚೆನ್ನಾಗಿ ಗೊತ್ತು. ನಾನು ಒಳ್ಳೆಯವನು, ಶಾಂತಿಪ್ರಿಯ, ದೇಶಕ್ಕೆ ದುಡಿಯುವವನು ಎಂದು ಕೇಳುವ ಮೊದಲೇ ಸಾಬೀತುಪಡಿಸುತ್ತಾ ಹೋಗಬೇಕಾದ ಧಾಟಿ ಅದು. ಹಕ್ಕು ಇರುವವನು ಹೀಗೆ ಬರೆಯಬೇಕಾಗಿಲ್ಲ. ಹಾಗಾಗಿ ಇದು ಕಾಲಿನ್ಸ್ ಅವರ ದೋಷವಲ್ಲ. ಅವರನ್ನು ಹಾಗೆ ಬರೆಯಲು ಹಚ್ಚಿದ ವ್ಯವಸ್ಥೆಯ ದೋಷ ಅವರ ವಾಕ್ಯಗಳಲ್ಲಿ ಅಚ್ಚೊತ್ತಿದೆ.

ಇನ್ನೊಂದು ತಕರಾರು ಲೇಖನದ ಬಗ್ಗೆ ಅಲ್ಲ, ಅದಕ್ಕೆ ಸಿಕ್ಕ ಸ್ವಾಗತದ ಬಗ್ಗೆ. ಎಲ್ಲ ಕಡೆ ‘ಮೊದಲಿಗ’ ಎಂಬ ಪದ ಮೊಳಗಿತು. ಅದೇ ಏಪ್ರಿಲ್‌ನಲ್ಲಿ, ಕೆಲವೇ ದಿನ ಮೊದಲು, ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಬ್ರಿಟ್ನಿ ಗ್ರೈನರ್ ಇದೇ ಸತ್ಯ ಹೇಳಿದಾಗ ಅಷ್ಟು ಸದ್ದಾಗಲಿಲ್ಲ. 1981ರಲ್ಲಿ ಟೆನಿಸ್‌ನ ಬಿಲ್ಲಿ ಜೀನ್ ಕಿಂಗ್ ಅವರ ಗುಟ್ಟು ಮೊಕದ್ದಮೆಯೊಂದರಿಂದ ಬಯಲಾದಾಗ ಒಂದೇ ದಿನದಲ್ಲಿ ಜಾಹೀರಾತು ಕರಾರುಗಳೆಲ್ಲ ಕೈಬಿಟ್ಟುಹೋದವು. ವಕೀಲರ ಶುಲ್ಕ ಕಟ್ಟಲು ಅವರು ನಿವೃತ್ತಿಯನ್ನೇ ಮುಂದೂಡಿ ಆಡಬೇಕಾಯಿತು. ಗಂಡಸರು ನಿವೃತ್ತಿಯವರೆಗೆ ಸತ್ಯವನ್ನು ಮುಂದೂಡಿದರೆ, ಈ ಹೆಣ್ಣುಮಗಳು ಸತ್ಯದ ಬೆಲೆ ತೆರಲು ನಿವೃತ್ತಿಯನ್ನು ಮುಂದೂಡಿದರು. ಮೊದಲಿಗರ ಪಟ್ಟಿ ಬರೆಯುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಈಗ ಅದೇ 2013ರಲ್ಲಿ ಇನ್ನೊಂದು ಊರಿಗೆ ಹೋಗೋಣ. ಜಾರ್ಜಿಯಾ ರಾಜ್ಯದ ಕ್ಲೇಟನ್ ಕೌಂಟಿ, ಅಟ್ಲಾಂಟಾ ನಗರದ ಪಕ್ಕದ ಸಾಧಾರಣ ಜಿಲ್ಲೆ. ಜೆರಾಲ್ಡ್ ಬೋಸ್ಟಾಕ್ ಅಲ್ಲಿ ಸುಮಾರು ಹತ್ತು ವರ್ಷಗಳಿಂದ, ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದ ಅನಾಥ, ಶೋಷಿತ ಮಕ್ಕಳ ಕಲ್ಯಾಣದ ಕೆಲಸ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಹೆಸರಿತ್ತು, ಪ್ರಶಸ್ತಿಗಳೂ ಬಂದಿದ್ದವು. ಆ ವರ್ಷದ ಆರಂಭದಲ್ಲಿ ಅವರು ಸಲಿಂಗಪ್ರೇಮಿಗಳ ಹವ್ಯಾಸಿ ಸಾಫ್ಟ್‌ಬಾಲ್ ಲೀಗ್ ಒಂದಕ್ಕೆ ಸೇರಿದರು. ಕಚೇರಿಯಲ್ಲಿ ಪಿಸುಮಾತು ಶುರುವಾಯಿತು. ಜೂನ್‌ನಲ್ಲಿ ಕೌಂಟಿ ನೌಕರನಿಗೆ ತಕ್ಕುದಲ್ಲದ ನಡತೆ ಎಂಬ ಕಾರಣ ಕೊಟ್ಟು ಅವರನ್ನು ಕೆಲಸದಿಂದ ತೆಗೆದರು. ಲೆಕ್ಕಪತ್ರದ ತಕರಾರೇ ಕಾರಣ ಎಂದು ಕೌಂಟಿ ವಾದಿಸಿತು; ಅದು ನೆಪ ಎಂದು ಬೋಸ್ಟಾಕ್ ವಾದಿಸಿದರು. ಆ ಹೊತ್ತಿಗೆ ಅವರು ಕ್ಯಾನ್ಸರ್‌ನಿಂದ ಚೇತರಿಸಿಕೊಳ್ಳುತ್ತಿದ್ದರು. ಸಂಬಳದ ಜೊತೆಗೆ ಆರೋಗ್ಯ ವಿಮೆಯೂ ಹೋಯಿತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಏಪ್ರಿಲ್‌ನಲ್ಲಿ ಕಾಲಿನ್ಸ್ ಲೇಖನ ಬಂದ ದಿನ ಅಧ್ಯಕ್ಷ ಒಬಾಮಾ ಅವರೇ ಫೋನ್ ಮಾಡಿ ಅಭಿನಂದಿಸಿದರು. ಜೂನ್‌ನಲ್ಲಿ ಬೋಸ್ಟಾಕ್ ಕೈಗೆ ವಜಾ ಆದೇಶ ಬಂತು. ಒಬ್ಬನದು ಕೋಟ್ಯಂತರ ಜನ ನೋಡುವ ಆಟ, ಇನ್ನೊಬ್ಬನದು ರಜೆಯ ದಿನದ ಆಟ. ಕಾಲಿನ್ಸ್ ಬೆನ್ನಿಗೆ ಆಟಗಾರರ ಸಂಘ ಇತ್ತು. 2011ರ ಬೀಗಮುದ್ರೆ ಮುಗಿದಾಗ ಆದ ಸಾಮೂಹಿಕ ಒಪ್ಪಂದದಲ್ಲಿ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ನಿಷೇಧಿಸಲಾಗಿತ್ತು. ಬೋಸ್ಟಾಕ್ ಅವರ ರಾಜ್ಯದಲ್ಲಿ ಅಂಥ ಕಾನೂನು ಇರಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಮಸೂದೆಯೊಂದು 1994ರಿಂದ ಅಮೆರಿಕದ ಸಂಸತ್ತಿನಲ್ಲಿ ತೆವಳುತ್ತಿತ್ತು. 2013ರ ನವೆಂಬರ್ 7ರಂದು ಸೆನೆಟ್ ಅದನ್ನು 64–32 ಮತಗಳಿಂದ ಅಂಗೀಕರಿಸಿತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. ಒಂದು ದೇಶ ತನ್ನ ಆಟಗಾರನಿಗೆ ಚಪ್ಪಾಳೆ ತಟ್ಟುತ್ತಲೇ ತನ್ನ ಗುಮಾಸ್ತನನ್ನು ಮನೆಗೆ ಕಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೆಳ ನ್ಯಾಯಾಲಯಗಳಲ್ಲಿ ಸೋತ ಬೋಸ್ಟಾಕ್ ಸುಪ್ರೀಂ ಕೋರ್ಟಿಗೆ ಹೋದರು. ಜೊತೆಗೆ ಇನ್ನಿಬ್ಬರ ಪ್ರಕರಣಗಳು: ವಿಮಾನದಿಂದ ಜಿಗಿಯುವ ಸಾಹಸ ಕಲಿಸುತ್ತಿದ್ದ ಡೊನಾಲ್ಡ್ ಜಾರ್ಡಾ, ಶವಸಂಸ್ಕಾರ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಟ್ರಾನ್ಸ್‌ಜೆಂಡರ್ ಮಹಿಳೆ ಏಮಿ ಸ್ಟೀಫನ್ಸ್. 2020ರ ಜೂನ್ 15ರಂದು ತೀರ್ಪು ಬಂದಾಗ ಮೂವರಲ್ಲಿ ಬೋಸ್ಟಾಕ್ ಮಾತ್ರ ಬದುಕಿದ್ದರು. ಜಾರ್ಡಾ 2014ರಲ್ಲಿಯೇ ಅಪಘಾತದಲ್ಲಿ ಸತ್ತಿದ್ದರು. ಸ್ಟೀಫನ್ಸ್ ತೀರ್ಪಿಗೆ ಒಂದು ತಿಂಗಳ ಮೊದಲು ತೀರಿಕೊಂಡರು.

ಆರು–ಮೂರರ ಬಹುಮತದ ಆ ತೀರ್ಪನ್ನು ಬರೆದವರು ನೀಲ್ ಗೋರ್ಸಚ್, ಸಂಪ್ರದಾಯವಾದಿ ಎಂದು ಹೆಸರಾದ ನ್ಯಾಯಮೂರ್ತಿ. ಒಂದು ಬರಹವಾಗಿ ಈ ತೀರ್ಪು ಕಾಲಿನ್ಸ್ ಲೇಖನಕ್ಕೆ ನೇರ ವಿರುದ್ಧ. ಇಲ್ಲಿ ಕಣ್ಣೀರಿಲ್ಲ, ಧೈರ್ಯದ ಹೊಗಳಿಕೆ ಇಲ್ಲ, ಬೋಸ್ಟಾಕ್ ಒಳ್ಳೆಯವನೇ ಕೆಟ್ಟವನೇ ಎಂಬ ವಿಚಾರಣೆ ಇಲ್ಲ. ವಾದ ಇಷ್ಟೇ: ಕಚೇರಿಯಲ್ಲಿ ಇಬ್ಬರು ನೌಕರರಿದ್ದಾರೆ, ಒಂದು ಗಂಡು, ಒಂದು ಹೆಣ್ಣು. ಕೆಲಸದಲ್ಲಿ ಇಬ್ಬರೂ ಸಮಾನರು, ಇಬ್ಬರ ಒಲವೂ ಗಂಡಸರ ಕಡೆಗೆ. ಆ ಕಾರಣಕ್ಕೆ ಹೆಣ್ಣನ್ನು ಉಳಿಸಿಕೊಂಡು ಗಂಡನ್ನು ತೆಗೆದರೆ, ತೆಗೆದದ್ದು ಅವನು ಗಂಡು ಎಂಬ ಕಾರಣಕ್ಕೇ ಅಲ್ಲವೇ? ಲಿಂಗದ ಆಧಾರದ ಮೇಲೆ ನೌಕರನನ್ನು ತೆಗೆಯಬಾರದೆಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅಲ್ಲಿಗೆ ಮುಗಿಯಿತು. 1964ರಲ್ಲಿ ಈ ಕಾಯ್ದೆ ಬರೆದವರಿಗೆ ಇಂಥ ಅರ್ಥ ಮನಸ್ಸಿನಲ್ಲಿಯೂ ಇರಲಿಲ್ಲ, ಹೊಸ ರಕ್ಷಣೆ ಕೊಡುವುದು ಸಂಸತ್ತಿನ ಕೆಲಸ ಎಂದು ಭಿನ್ನಮತದ ನ್ಯಾಯಮೂರ್ತಿಗಳು ಬಲವಾಗಿ ವಾದಿಸಿದರು. ಆ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಕಾನೂನು ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕುತ್ತಾ ಹೋದರೆ ಅಲ್ಪಸಂಖ್ಯಾತರಿಗೆ ಸಿಗುವುದು ಬಹಳ ಕಡಿಮೆ. ಬರೆದ ಅಕ್ಷರವೇ ಅವರಿಗಿರುವ ಆಸರೆ.

ಇಲ್ಲಿ ನಮ್ಮ ಓದುಗರು ಗಮನಿಸಬೇಕಾದ ಒಂದು ಸಂಗತಿ ಇದೆ. ಅದೇ 1964ರ ಕಾಯ್ದೆಯ ಅದೇ ಭಾಗ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶ ಎಂದು ಐದನ್ನು ಒಂದೇ ಸಾಲಿನಲ್ಲಿ ಹೇಳುತ್ತದೆ. 2008ರಲ್ಲಿ ಓಕ್ಲಹೋಮಾದ ಹದಿಹರೆಯದ ಮುಸ್ಲಿಂ ಹುಡುಗಿಯೊಬ್ಬಳು ತಲೆವಸ್ತ್ರ ಧರಿಸಿ ಅಬರ್‌ಕ್ರೋಂಬಿ ಬಟ್ಟೆ ಕಂಪನಿಯ ಅಂಗಡಿಗೆ ಕೆಲಸ ಕೇಳಲು ಹೋದಳು. ನೌಕರರ ವೇಷಭೂಷಣದ ನಿಯಮಕ್ಕೆ ಅದು ಒಗ್ಗುವುದಿಲ್ಲವೆಂದು ಕೆಲಸ ಕೊಡಲಿಲ್ಲ. 2015ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಎಂಟು–ಒಂದರ ಬಹುಮತದಿಂದ ಹುಡುಗಿಯ ಪರವಾಗಿ ತೀರ್ಪಿತ್ತಿತು. ಐದು ವರ್ಷಗಳ ನಂತರ ಬೋಸ್ಟಾಕ್ ಹಿಡಿದು ನಿಂತದ್ದೂ ಅದೇ ಹಗ್ಗವನ್ನು. ತಲೆವಸ್ತ್ರದ ಹುಡುಗಿಯೂ ಸಾಫ್ಟ್‌ಬಾಲ್ ಆಡುವ ಬೋಸ್ಟಾಕ್ ಅವರೂ ಒಬ್ಬರ ಬದುಕನ್ನು ಇನ್ನೊಬ್ಬರು ಒಪ್ಪಬೇಕಾಗಿಲ್ಲ. ಆದರೆ ಒಬ್ಬರ ಕೈಯಿಂದ ಹಗ್ಗ ಕತ್ತರಿಸಿದರೆ ಇನ್ನೊಬ್ಬರೂ ಬೀಳುತ್ತಾರೆ.

ಹಾಗಾದರೆ ಧಾರ್ಮಿಕ ಸಂಸ್ಥೆಗಳ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಕಾನೂನು ಅದನ್ನು ಕಡೆಗಣಿಸಿಲ್ಲ. ಚರ್ಚಿನ ಪಾದ್ರಿಯನ್ನೋ ಮಸೀದಿಯ ಇಮಾಮರನ್ನೋ ಆರಿಸುವ ಹಕ್ಕು ಆ ಸಮುದಾಯದ್ದೇ ಎಂದು 2012ರಲ್ಲಿಯೇ ಅದೇ ನ್ಯಾಯಾಲಯ ಒಮ್ಮತದಿಂದ ಎತ್ತಿಹಿಡಿದಿತ್ತು. ಪೀಠದ ಮೇಲೆ ಯಾರು ನಿಲ್ಲಬೇಕೆಂಬುದು ಬೇರೆ, ಕೌಂಟಿಯ ಕಚೇರಿಯಲ್ಲಿ ಮಕ್ಕಳ ಕಡತ ಯಾರು ನೋಡಬೇಕೆಂಬುದು ಬೇರೆ. ಎರಡರ ನಡುವಿನ ಗಡಿಯಲ್ಲಿ ಜಗಳಗಳು ಉಳಿದಿವೆ, ತೀರ್ಪೇ ಅದನ್ನು ಒಪ್ಪಿಕೊಂಡಿದೆ. ಜಗಳ ಗಡಿಯಲ್ಲಿದೆ ಎಂದ ಮಾತ್ರಕ್ಕೆ ಊರೊಳಗಿನ ಮನೆಗಳನ್ನು ಬಿಟ್ಟುಕೊಡಬೇಕಿಲ್ಲ.

ಮತ್ತೆ ಆಟದ ಅಂಗಳಕ್ಕೆ ಬರೋಣ. ಕಾಲಿನ್ಸ್ ಅವರ ಅರ್ಜಿಗೆ ಉತ್ತರ ಬರಲು ಹತ್ತು ತಿಂಗಳು ಹಿಡಿಯಿತು. 2014ರ ಫೆಬ್ರವರಿ 23ರಂದು ಬ್ರೂಕ್ಲಿನ್ ತಂಡ ಹತ್ತು ದಿನದ ಕರಾರು ಕೊಟ್ಟಿತು. 22 ಪಂದ್ಯ ಆಡಿ ಆ ವರ್ಷದ ನವೆಂಬರ್‌ನಲ್ಲಿ ನಿವೃತ್ತರಾದರು. ಅದೇ ವರ್ಷ ಕಾಲೇಜು ಫುಟ್‌ಬಾಲ್‌ನ ಬಲಿಷ್ಠ ವಿಭಾಗವೊಂದರಲ್ಲಿ ರಕ್ಷಣಾ ಆಟಗಾರರ ಅತ್ಯುನ್ನತ ಗೌರವ ಹಂಚಿಕೊಂಡಿದ್ದ ಮೈಕೆಲ್ ಸ್ಯಾಮ್ ವೃತ್ತಿಗೆ ಕಾಲಿಡುವ ಮೊದಲೇ ಸತ್ಯ ಹೇಳಿದರು. ಆಯ್ಕೆಯಾದ 256 ಜನರಲ್ಲಿ ಅವರ ಸರದಿ ಬಂದದ್ದು 249ನೆಯದು. ಲೀಗ್‌ನ ಒಂದೇ ಒಂದು ನಿಯಮಿತ ಪಂದ್ಯವನ್ನೂ ಅವರು ಆಡಲಿಲ್ಲ. ಕಾಲಿನ್ಸ್‌ಗೆ ವಯಸ್ಸಾಗಿತ್ತು, ಸ್ಯಾಮ್ ಅವರ ವೇಗ ಸಾಲದು ಎನ್ನಬಹುದು. ನಿಜವೂ ಇರಬಹುದು. ಕಷ್ಟ ಇರುವುದೇ ಇಲ್ಲಿ. ತಾರೆಯನ್ನು ಕೈಬಿಟ್ಟರೆ ಎಲ್ಲರೂ ಕಾರಣ ಕೇಳುತ್ತಾರೆ. ಸಾಧಾರಣ ನೌಕರನನ್ನು ಕೈಬಿಡಲು ಸದಾ ಒಂದು ಒಳ್ಳೆಯ ಕಾರಣ ಸಿಗುತ್ತದೆ. ‘ತಂಡದ ಗಮನ ಬೇರೆಡೆಗೆ ಹೋಗುತ್ತದೆ’ ಎಂಬುದು ಅಲ್ಲಿ ಕೇಳಿಬಂದ ಮಾತು. 1996ರಲ್ಲಿ ಡೆನ್ವರ್ ತಂಡದ ಮಹಮೂದ್ ಅಬ್ದುಲ್ ರವೂಫ್ ತನ್ನ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆಗೆ ನಿಲ್ಲಲು ನಿರಾಕರಿಸಿದಾಗ ಇದೇ ಎನ್‌ಬಿಎ ಅವರನ್ನು ಅಮಾನತು ಮಾಡಿತ್ತು. ಅವರು ರಾಜಿಯಾಗಿ, ತಲೆ ತಗ್ಗಿಸಿ ಪ್ರಾರ್ಥಿಸುತ್ತ ನಿಂತರು. ಆ ಋತುವಿನಲ್ಲಿ ಪಂದ್ಯವೊಂದರ ಸರಾಸರಿಯಲ್ಲಿ ತಂಡಕ್ಕೆ ಅತಿ ಹೆಚ್ಚು ಅಂಕ ತಂದವರು ಅವರೇ ಆಗಿದ್ದರೂ, ಋತು ಮುಗಿದ ಮೇಲೆ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು.

2021ರ ಜೂನ್‌ನಲ್ಲಿ ಲಾಸ್ ವೇಗಸ್ ಫುಟ್‌ಬಾಲ್ ತಂಡದ ಕಾರ್ಲ್ ನಸಿಬ್ ತಾನು ಸಲಿಂಗಪ್ರೇಮಿ ಎಂದರು. ಅವರ ಕರಾರಿನ ಅವಧಿ ಇನ್ನೂ ಉಳಿದಿತ್ತು. ಅವರು ಆಡಿದರು, ಮರುವರ್ಷ ಇನ್ನೊಂದು ತಂಡಕ್ಕೂ ಆಡಿದರು, 2023ರಲ್ಲಿ ಎಲ್ಲರಂತೆ ನಿವೃತ್ತರಾದರು. ಬೋಸ್ಟಾಕ್ ತೀರ್ಪಿನಿಂದಲೇ ಇದಾಯಿತು ಎಂದು ನಾವು ಹೇಳುವುದಿಲ್ಲ. ಆದರೆ ನಿವೃತ್ತಿಗೆ ಮೊದಲೇ, ಸಂಬಳ ಪಡೆಯುತ್ತಿರುವಾಗಲೇ ಹೇಳಿದ ಸತ್ಯ ಅದು. ಈ ಪುಸ್ತಕಗಳ ಸಾಲಿನಲ್ಲಿ ಅದಕ್ಕೊಂದು ಜಾಗ ಇದೆ.

ಇದೆಲ್ಲ ದೂರದ ದೇಶದ ಕಥೆ ಎಂದು ಪುಟ ಮಗುಚುವಂತಿಲ್ಲ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಅಪರಾಧವಲ್ಲ ಎಂದರೆ ಜೈಲಿಗೆ ಹಾಕುವುದಿಲ್ಲ ಎಂದಷ್ಟೇ. ಖಾಸಗಿ ಕಂಪನಿಯೊಂದು ಆ ಕಾರಣಕ್ಕೆ ಕೆಲಸದಿಂದ ತೆಗೆದರೆ ತಡೆಯಲು ಹೆಸರು ಹಿಡಿದು ಹೇಳುವ ಕಾಯ್ದೆ ನಮ್ಮಲ್ಲಿಲ್ಲ. ಇನ್ನು ನಮಗೆ ಹತ್ತಿರವಾದ ಒಂದು ಹೆಸರನ್ನು ಹೇಳದೆ ಈ ಬರಹ ಮುಗಿಸಿದರೆ ನಾವು ಪ್ರಾಮಾಣಿಕರಾಗುವುದಿಲ್ಲ. ರಾಮಚಂದ್ರ ಸಿರಸ್ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಅಧ್ಯಾಪಕ, ಕವಿ. 2010ರ ಫೆಬ್ರವರಿಯಲ್ಲಿ ಅವರ ಮನೆಯೊಳಕ್ಕೆ ಕ್ಯಾಮೆರಾ ನುಗ್ಗಿತು. ವಿಶ್ವವಿದ್ಯಾಲಯ ಅಮಾನತು ಮಾಡಿದ್ದು ನುಗ್ಗಿದವರನ್ನಲ್ಲ, ಅವರನ್ನು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟು ಆ ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರ ಶವ ಬಾಡಿಗೆ ಮನೆಯಲ್ಲಿ ಸಿಕ್ಕಿತು. ಅವರಿಗೆ ನಿವೃತ್ತಿಗೆ ಉಳಿದಿದ್ದುದು ಕೆಲವೇ ತಿಂಗಳು. ಹನ್ಸಲ್ ಮೆಹ್ತಾ ಅವರ ‘ಅಲೀಗಢ್’ ಚಿತ್ರವನ್ನು ನೋಡಿದವರು ಆ ಮನೆಯ ಒಂಟಿತನವನ್ನು ಮರೆಯಲಾರರು.

ಸಿರಸ್ ಏನನ್ನೂ ಬಹಿರಂಗಪಡಿಸಲು ಹೊರಟಿರಲಿಲ್ಲ. ಕೊಪೇ, ಅಮೇಚಿಯವರ ಹಾಗೆ ನಿವೃತ್ತಿಯವರೆಗೆ ಕಾಯುವ ಅವಕಾಶವನ್ನೂ ಅವರಿಗೆ ಯಾರೂ ಕೊಡಲಿಲ್ಲ. ಅಲ್ಪಸಂಖ್ಯಾತರ ಶಿಕ್ಷಣಕ್ಕಾಗಿ ಕಟ್ಟಿದ ಸಂಸ್ಥೆಯೊಂದು ತನ್ನೊಳಗಿನ ಇನ್ನೊಬ್ಬ ಅಲ್ಪಸಂಖ್ಯಾತನನ್ನು ನಡೆಸಿಕೊಂಡ ರೀತಿ ಇದು. ಅವರ ಬದುಕನ್ನು ಒಪ್ಪದವರು ಅಲ್ಲಿ ಇದ್ದಿರಬಹುದು. ಒಪ್ಪದೆಯೇ ಅವರಿಗೆ ಪಾಠ ಮಾಡಲು ಬಿಡಬಹುದಿತ್ತು, ಉಳಿದ ತಿಂಗಳುಗಳ ಸಂಬಳ ಕೊಟ್ಟು, ನಿವೃತ್ತಿಯ ದಿನ ಕೈಕುಲುಕಿ ಬೀಳ್ಕೊಡಬಹುದಿತ್ತು.

ಬೆನ್ನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತಿನಲ್ಲಿ ಯಾರ ಹೊಟ್ಟೆ ಎಂಬ ಪ್ರಶ್ನೆಯೇ ಇಲ್ಲ. ಗ್ಲೆನ್ ಬರ್ಕ್‌ನಿಂದ ಸಿರಸ್‌ವರೆಗಿನ ಈ ಬದುಕುಗಳನ್ನು ಓದಿ ಮುಗಿಸಿದಾಗ ನಮಗೆ ಉಳಿಯುವುದು ಆ ಹಳೆಯ ಮಾತೇ. ನಾವು ಅದನ್ನು ಮರೆತದ್ದು ಯಾವಾಗ?